ಅಕ್ಕನ ಹೆಬ್ಬೆಟ್ಟೂ ರೇಷನ್ ಅಂಗಡಿಯ ಯಂತ್ರವೂ

ಶಾಲೆಯಿಂದ ನಿವೃತ್ತನಾದವನಿಗೆ ಹಾರ ಹಾಕಿ, ಶಾಲು ಹೊದಿಸಿ, ಕೈಗೊಂದು ಗೋಡೆ ಗಡಿಯಾರ ಕೊಟ್ಟು ಕಳಿಸುತ್ತಾರೆ. ಮಕ್ಕಳ ಪತ್ರಿಕೆಯ ವಿಜ್ಞಾನದ ಪುಟದಿಂದ ನಿವೃತ್ತಿ ಕೊಡುವ ಪದ್ಧತಿಯನ್ನು ಮಾತ್ರ ಇನ್ನೂ ಯಾರೂ ಕಂಡುಹಿಡಿದಿಲ್ಲ. ಮೈಸೂರಿನಿಂದ ಹೊರಡುವ ಒಂದು ಸಣ್ಣ ಮಾಸಪತ್ರಿಕೆಗೆ ನಾನು ಮಳೆ ಏಕೆ ಬರುತ್ತದೆ ಎಂಬಲ್ಲಿಂದ ಶುರುಮಾಡಿ ಗುಡುಗು, ಕಾಮನಬಿಲ್ಲು, ಟ್ರಾನ್ಸಿಸ್ಟರು, ಉಪಗ್ರಹ ಎಲ್ಲವನ್ನೂ ದಾಟಿ ಬಂದಿದ್ದೇನೆ. ನಾನು ವಿವರಿಸುವ ವೇಗಕ್ಕಿಂತ ಜಗತ್ತು ಹೊಸದನ್ನು ಹೆರುವ ವೇಗ ಹೆಚ್ಚು. ಟೇಪ್ ರೆಕಾರ್ಡರು ಹೇಗೆ ಹಾಡುತ್ತದೆ ಎಂದು ಎರಡು ಕಂತುಗಳಲ್ಲಿ ಬರೆದು ಮುಗಿಸುವ ಹೊತ್ತಿಗೆ ಅಂಗಡಿಗಳಲ್ಲಿ ಟೇಪ್ ರೆಕಾರ್ಡರೇ ಇರಲಿಲ್ಲ. ಉದಾಹರಣೆಗಳೂ ದಣಿಯುತ್ತವೆ. ಕೆರೆಗೆ ಕಲ್ಲು ಎಸೆದು ಅಲೆ ಎಬ್ಬಿಸಿದ್ದೇ ಎಬ್ಬಿಸಿದ್ದು. ನನ್ನ ಲೇಖನಗಳ ಕೆರೆ ಈ ಹೊತ್ತಿಗೆ ಕಲ್ಲಿನಿಂದಲೇ ತುಂಬಿ ಹೋಗಿರಬೇಕು.

ನಮ್ಮ ಹಟ್ಟಿ ನೀಲಗಿರಿಯ ಎಮರಾಲ್ಡ್ ಕಡೆಯದು. ಮನೆಯ ಹಿಂದಿನ ಟೀ ತೋಟದ ತುದಿಗೆ ಹೋಗಿ ನಿಂತರೆ ಅಣೆಕಟ್ಟಿನ ನೀರು ಒಂದು ತುಂಡು ಕಾಣುತ್ತದೆ. ಮಂಜು ಇದ್ದರೆ ಅದೂ ಇಲ್ಲ. ಮನೆಯಲ್ಲಿ ಆಡುವುದು ಬಡಗ, ಶಾಲೆಯಲ್ಲಿ ತಮಿಳು, ಬೋರ್ಡುಗಳ ಮೇಲೆ ಇಂಗ್ಲಿಷು. ಕನ್ನಡದ ಅಕ್ಷರ ಓದಬಲ್ಲವನು ಇಡೀ ಹಟ್ಟಿಗೆ ನಾನೊಬ್ಬನೇ. ಅದನ್ನು ಮೈಸೂರಿನಲ್ಲಿ ಓದುವಾಗ ಹಾಸ್ಟೆಲಿನ ಸಾರಿನ ಜೊತೆ ಮೈಗೆ ಹಚ್ಚಿಕೊಂಡು ಬಂದೆ. ಹೀಗಾಗಿ ನನ್ನ ಬರವಣಿಗೆಯ ಬಗ್ಗೆ ಊರಿನಲ್ಲಿ ಅಪಾರ ಗೌರವ ಇದೆ. ಯಾರೂ ಓದಿಲ್ಲ.

ಪರೀಕ್ಷಕಿ ಮಾತ್ರ ಒಬ್ಬಳಿದ್ದಾಳೆ. ಪಕ್ಕದ ಮನೆಯಲ್ಲಿರುವ ನನ್ನ ಅಕ್ಕನ ಮೊಮ್ಮಗಳು, ಆರನೇ ತರಗತಿಯ ಹುಡುಗಿ. ಅವಳ ಅಪ್ಪ ಅಮ್ಮ ತಿರುಪ್ಪೂರಿನಲ್ಲಿ ಬನಿಯನ್ ಹೊಲಿಯುತ್ತಾರೆ, ಇವಳು ಅಜ್ಜಿಯ ಹತ್ತಿರ ಇದ್ದುಕೊಂಡು ಶಾಲೆಗೆ ಹೋಗುತ್ತಾಳೆ. ಅವಳಿಗೆ ಕನ್ನಡ ಓದಲು ಬಾರದು, ಕೇಳಿದರೆ ಮುಕ್ಕಾಲು ತಿಳಿಯುತ್ತದೆ. ಉಳಿದ ಕಾಲನ್ನು ನಾನು ನಮ್ಮ ಮಾತಿಗೆ ತಿರುಗಿಸಿ ಹೇಳುತ್ತೇನೆ. ನಾನು ಬರೆದುದನ್ನು ಅವಳಿಗೆ ಗಟ್ಟಿಯಾಗಿ ಓದದೆ ಅಂಚೆಗೆ ಹಾಕುವುದಿಲ್ಲ. ಅವಳು ಆಕಳಿಸಿದಲ್ಲಿ ಒಂದು ಪ್ಯಾರಾ ಸಾಯುತ್ತದೆ, ‘ಅದೇಕೆ’ ಅಂದಲ್ಲಿ ಒಂದು ಹುಟ್ಟುತ್ತದೆ. ವಿಶ್ವವಿದ್ಯಾಲಯಗಳಲ್ಲಿ ಇದಕ್ಕಿಂತ ಕಟ್ಟುನಿಟ್ಟಾದ ಮಂಡಳಿಗಳಿವೆಯೆಂದು ಕೇಳಿದ್ದೇನೆ, ನಂಬುವುದಿಲ್ಲ.

ಕಳೆದ ವರ್ಷ ಮಳೆ ಬಿಟ್ಟು ಬಿಸಿಲು ಬಿದ್ದ ಹೊತ್ತಿನಲ್ಲಿ ಸಂಪಾದಕರು ಫೋನು ಮಾಡಿ, ಬೆರಳಚ್ಚಿನ ಯಂತ್ರ ಮನುಷ್ಯರನ್ನು ಹೇಗೆ ಗುರುತು ಹಿಡಿಯುತ್ತದೆ ಎಂದು ಮಕ್ಕಳು ಕೇಳುತ್ತಿದ್ದಾರೆ, ಎರಡು ಪುಟ ಬರೆದುಕೊಡಿ ಅಂದರು. ಆ ಪತ್ರಿಕೆಗೆ ಇನ್ನು ಬರೆಯುವುದಿಲ್ಲ ಎಂದು ಹೇಳಲು ನಾನು ಆ ಬೆಳಿಗ್ಗೆಯೇ ಒಂದು ಗಂಭೀರವಾದ ವಾಕ್ಯವನ್ನು ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಬಾಯಿ ತೆರೆದರೆ ‘ಆಗಲಿ’ ಎಂಬ ಮಾತು ಬಂತು. ಹಳೆಯ ಎತ್ತು ನೊಗ ಕಂಡರೆ ಕತ್ತು ಬಗ್ಗಿಸುತ್ತದಲ್ಲ, ಹಾಗೆ.

ಅದೇ ವಾರ ಅಕ್ಕ ರೇಷನ್ ಅಂಗಡಿಯಿಂದ ಬರಿಗೈಯಲ್ಲಿ ಬಂದಳು. ಮನೆಯೊಳಕ್ಕೂ ಹೋಗದೆ ನನ್ನ ಜಗಲಿಯ ಮೇಲೆ ಕೂತು, ಬಲಗೈಯ ಹೆಬ್ಬೆಟ್ಟನ್ನು ನನ್ನ ಮೂಗಿನ ಹತ್ತಿರಕ್ಕೆ ಹಿಡಿದಳು.

“ಎನ್ನ ಬೆರಲ ಅದು ಒಪ್ಪಲಿಲ್ಲೆ, ತಮ್ಮ. ನಾ ನಾನಲ್ಲವಂತೆ.”

ಇಲ್ಲಿ ಒಂದು ಮಾತು. ನಮ್ಮ ಮಾತನ್ನು ಇದ್ದ ಹಾಗೇ ಬರೆದರೆ ಘಟ್ಟದ ಆಚೆಯವರು ಪ್ರತಿ ಸಾಲಿಗೂ ನನಗೆ ಪತ್ರ ಹಾಕಬೇಕಾಗುತ್ತದೆ. ಆದ್ದರಿಂದ ಅಕ್ಕನ ಮಾತನ್ನು ಸ್ವಲ್ಪ ಸವರಿ ಕೊಟ್ಟಿದ್ದೇನೆ. ಅವಳಿಗೆ ಗೊತ್ತಾದರೆ ನನ್ನನ್ನೂ ಸವರುತ್ತಾಳೆ.

ವಿಷಯ ಇದು. ರೇಷನ್ ಕಾರ್ಡಿನಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅಂಗಡಿಗೆ ಬಂದು ಯಂತ್ರದ ಮೇಲೆ ಬೆರಳು ಒತ್ತಿ ತಾವು ತಾವೇ ಎಂದು ರುಜುವಾತು ಮಾಡಬೇಕು ಎಂದು ಹೇಳಿದ್ದರು. ತಿಂಗಳ ಕೊನೆಯೊಳಗೆ ಒತ್ತದವರ ಹೆಸರು ಕಾರ್ಡಿನಿಂದ ಹೋಗುತ್ತದೆ ಎಂದು ಅಂಗಡಿಯ ಹೆಂಗಸು ಎಲ್ಲರಿಗೂ ಹೇಳುತ್ತಿದ್ದಳು. ಅಕ್ಕನ ಮಗನೂ ಸೊಸೆಯೂ ತಿರುಪ್ಪೂರಿನ ಅಂಗಡಿಯಲ್ಲೇ ಒತ್ತಿಯಾಗಿತ್ತು. ಹುಡುಗಿ ಒತ್ತಿದ್ದಳು. ನಾನೂ ನನ್ನ ಕಾರ್ಡಿಗೆ ಒತ್ತಿ ಬಂದಿದ್ದೆ. ಸೀಮೆಸುಣ್ಣದ ಹೊರತು ಇನ್ನೇನನ್ನೂ ಉಜ್ಜದ ನನ್ನ ಹೆಬ್ಬೆಟ್ಟನ್ನು ಯಂತ್ರ ಅಳಿಯನನ್ನು ಬರಮಾಡಿಕೊಂಡ ಹಾಗೆ ಬರಮಾಡಿಕೊಂಡಿತ್ತು. ಉಳಿದವಳು ಅಕ್ಕ. ಅವಳ ಬಲಗೈಯದನ್ನೂ ಎಡಗೈಯದನ್ನೂ ಒತ್ತಿಸಿ ನೋಡಿ ಅಂಗಡಿಯ ಹೆಂಗಸು, “ಪಾಟಿ, ರೇಗೈ ವಿಳಲೆ,” ಎಂದಿದ್ದಳು. ಅಜ್ಜಿ, ನಿಮ್ಮ ಬೆರಳಿನ ಗೆರೆ ಬೀಳುತ್ತಿಲ್ಲ ಎಂದು. ಕಣ್ಣು ನೋಡಿ ಗುರುತು ಹಿಡಿಯುವ ಇನ್ನೊಂದು ಯಂತ್ರ ಎಲ್ಲೆಲ್ಲಿಗೋ ಬಂದಿತ್ತಂತೆ. ನಮ್ಮ ಅಂಗಡಿಗೆ ಬಂದಿರಲಿಲ್ಲ.

ಅಕ್ಕಿ ಹೋದರೆ ಹೋಗಲಿ ಎನ್ನುವವಳೇ ಅವಳು. ಆದರೆ ಆ ಕಾರ್ಡಿನಲ್ಲಿ ಭಾವ ತೀರಿಕೊಂಡ ಮೇಲೆ ಕುಟುಂಬದ ತಲೆ ಎಂದು ಅಚ್ಚಾಗಿರುವುದು ಅಕ್ಕನ ಹೆಸರು, ಮೇಲೆ ಅವಳದೇ ಫೋಟೋ. ಆ ಮನೆಯಲ್ಲಿ ತಲೆ ಯಾರೆಂಬುದರ ಬಗ್ಗೆ ಭಾವ ಇದ್ದಾಗಲೂ ಯಾರಿಗೂ ಸಂದೇಹ ಇರಲಿಲ್ಲ. ಆದರೂ ಸರ್ಕಾರ ಅದನ್ನು ಒಪ್ಪಿ ಬರೆದುಕೊಟ್ಟದ್ದು ಅವಳಿಗೆ ದೊಡ್ಡ ಸಂಗತಿ. ಇನ್ನೊಂದು ಕಾರಣವೂ ಇತ್ತು. ಅಕ್ಕನಿಗೆ ಶಾಲೆ ಇಲ್ಲ. ಮಕ್ಕಳು ದೊಡ್ಡವರಾದ ಮೇಲೆ, ಸಂಜೆ ಹೊತ್ತು ನಡೆಯುತ್ತಿದ್ದ ವಯಸ್ಕರ ತರಗತಿಗೆ ಹಟಕ್ಕೆ ಹೋಗಿ, ತಮಿಳಿನಲ್ಲಿ ತನ್ನ ಹೆಸರು ಬರೆಯುವುದನ್ನು ಕಲಿತಳು. ಇನ್ನು ಸಾಯುವ ತನಕ ಎಲ್ಲಿಯೂ ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ಅಂದೇ ಹೇಳಿದಳು, ಬಹಳ ವರ್ಷ ನಡೆಸಿದಳು ಕೂಡ. ಕೊನೆಗೆ ಕಾಲ ಬಂದದ್ದು ಹೀಗೆ: ಕಲೆಕ್ಟರರಿಂದ ಹಿಡಿದು ಕಾಲೇಜಿನ ಪ್ರೊಫೆಸರರ ತನಕ ಇಡೀ ದೇಶವೇ ಹೆಬ್ಬೆಟ್ಟಿಗೆ ಮರಳಿತು. ಅಕ್ಕ ಹಲ್ಲು ಕಚ್ಚಿಕೊಂಡು ತಾನೂ ಒತ್ತಲು ಹೋದಳು. ಅದನ್ನೂ ಬೇಡ ಅಂದುಬಿಟ್ಟರು.

ಅವಳು ತೋರಿಸಿದ ಬೆರಳನ್ನು ನಾನು ಆಗ ಸರಿಯಾಗಿ ನೋಡಿದೆ. ಹೆಬ್ಬೆಟ್ಟೂ ತೋರುಬೆರಳೂ ಕಪ್ಪಗೆ, ಹಳೆಯ ಬಾಣಲೆಯ ತಳದ ಹಾಗೆ ಇದ್ದವು. ಟೀ ಎಲೆ ಕೀಳುವವರ ಬೆರಳೆಲ್ಲ ಹಾಗೇ. ಕಿತ್ತ ಎಲೆಯ ರಸ ಗಾಳಿ ತಾಗಿದರೆ ಕಪ್ಪಾಗುತ್ತದೆ. ಫ್ಯಾಕ್ಟರಿಯಲ್ಲಿ ಟೀ ಪುಡಿ ಕಪ್ಪಾಗುವುದೂ ಅದೇ ಕಾರಣಕ್ಕೆ. ಇದನ್ನು ನಾನು ಒಂದು ಸಂಚಿಕೆಯಲ್ಲಿ ವಿವರಿಸಿದ್ದೇನೆ. ಅಕ್ಕನಿಗೆ ಆ ಕಪ್ಪು ಕರೆಯ ಬಗ್ಗೆ ಯಾವಾಗಲೂ ನಾಚಿಕೆ. ಮದುವೆ ಮನೆಗಳಲ್ಲಿ ಕೈಯನ್ನು ಮೈಮೇಲೆ ಹೊದ್ದ ಬಿಳಿ ಮುಂಡಿನ ಒಳಗೆ ಇಟ್ಟುಕೊಂಡೇ ಕೂರುತ್ತಾಳೆ. ಹಾಗಾಗಿ ಯಂತ್ರ ತನ್ನನ್ನು ಬೇಡವೆಂದದ್ದು ಕೊಳಕಿಗೆ ಎಂದು ಅವಳು ತೀರ್ಮಾನಿಸಿಬಿಟ್ಟಳು. ಅವಳಿಗೆ ಬೇರೆ ಕಾರಣವೇ ಬೇಕಾಗಿರಲಿಲ್ಲ.

ಎಲೆ ತೂಗುವ ಕೊಟ್ಟಿಗೆಯಲ್ಲಿ ಸಂಜೆ ಲಾರಿಗೆ ಕಾಯುವ ಹೆಂಗಸರೆಲ್ಲ ಈ ವಿಷಯವನ್ನು ಕೈಗೆತ್ತಿಕೊಂಡರು. ಎಲ್ಲರ ಬೆರಳೂ ಕಪ್ಪು, ಹಲವರಿಗೆ ಅದೇ ಕಷ್ಟ. ಒಬ್ಬಳು ನಿಂಬೆಹುಳಿ ಅಂದಳು. ಇನ್ನೊಬ್ಬಳು ಬಟ್ಟೆ ಬಿಳುಪು ಮಾಡುವ ಪುಡಿ. ಒಬ್ಬಳು ವಿಭೂತಿ ಗಟ್ಟಿಯಲ್ಲಿ ತಿಕ್ಕಿದರೆ ಹೋಗುತ್ತದೆ ಎಂದಾಗ, ವಿಭೂತಿ ಹಣೆಗೆ ಇರುವುದು, ಮಿಷಿನಿಗಲ್ಲ ಎಂದು ಅಕ್ಕ ಆ ಸಲಹೆಯನ್ನು ಅಲ್ಲಿಯೇ ವಜಾ ಮಾಡಿದಳಂತೆ. ಕೊನೆಗೆ ಬಹುಮತ ಬಂದದ್ದು ಹಿಮ್ಮಡಿ ಉಜ್ಜುವ ಕಲ್ಲಿಗೆ. ಅಂದಿನಿಂದ ಅಕ್ಕ ಬೆಳಿಗ್ಗೆ ಹಿತ್ತಲಿನಲ್ಲಿ ಕೂತು, ಬಿಸಿನೀರಿನಲ್ಲಿ ಬೆರಳು ನೆನೆಸಿ, ಆ ಒರಟು ಕಲ್ಲಿನಲ್ಲಿ ಗಸಗಸ ತಿಕ್ಕುವ ಸದ್ದು ನನ್ನ ಮೇಜಿನ ತನಕ ಕೇಳುತ್ತಿತ್ತು. ಹಲ್ಲು ಜುಮ್ಮೆನ್ನುವ ಸದ್ದು. ಅದನ್ನು ಕೇಳುತ್ತ ನಾನು ಬೆರಳಚ್ಚಿನ ಯಂತ್ರದ ಬಗ್ಗೆ ಮಕ್ಕಳಿಗೆ ಬರೆಯುತ್ತಿದ್ದೆ. ಎರಡಕ್ಕೂ ಸಂಬಂಧ ಇದೆ ಎಂದು ಅನ್ನಿಸದೆ ಇರಲಿಲ್ಲ. ಆದರೆ ಅಕ್ಕ ಸ್ವಚ್ಛತೆಯ ಕೆಲಸದಲ್ಲಿದ್ದಾಗ ಹತ್ತಿರ ಹೋಗಿ ಬದುಕಿದವರನ್ನು ನಾನು ಕಂಡಿಲ್ಲ.

ತಿಕ್ಕಿ ತಿಕ್ಕಿ ಬೆರಳು ಎಳೆಯ ಮೂಲಂಗಿಯಷ್ಟು ಬೆಳ್ಳಗಾದ ಮೇಲೆ ಅವಳು ಮತ್ತೆ ಹೋದಳು. ಯಂತ್ರ ಮೊದಲ ಸಲ ಸ್ವಲ್ಪ ಹೊತ್ತಾದರೂ ಯೋಚಿಸಿತ್ತಂತೆ. ಈ ಸಲ ತಕ್ಷಣ ಕೆಂಪು ದೀಪ. ಅಕ್ಕ ಬಂದು ಜಗಲಿಯ ಮೇಲೆ ಕೂತು, ಎರಡೂ ಕೈಯನ್ನು ಮುಂಡಿನ ಒಳಗೆ ಇಟ್ಟುಕೊಂಡಳು.

ಅಂದು ಸಂಜೆಯೇ ಪರೀಕ್ಷಕಿಯ ಮುಂದೆ ನನ್ನ ಲೇಖನದ ಹಾಜರಿ. ಬೆರಳ ತುದಿಯಲ್ಲಿ ಉತ್ತ ಹೊಲದ ಸಾಲುಗಳಂಥ ಗೆರೆಗಳಿರುತ್ತವೆ ಎಂದು ಶುರುಮಾಡಿದ್ದೆ. ಅವಳು ಆಕಳಿಸಿದಳು. ಉತ್ತ ಹೊಲ ಎಂದರೆ ಅವಳಿಗೆ ನಮ್ಮ ಗುಡ್ಡದ ಕ್ಯಾರೆಟ್ ಮಡಿ, ಅದೂ ನೇರ. ಎದ್ದು ಕಿಟಕಿ ತೆಗೆದು ಎದುರಿನ ಗುಡ್ಡ ತೋರಿಸಿದೆ. ಗುಡ್ಡದ ನೆತ್ತಿಯಿಂದ ಕೆಳಗಿನ ತನಕ ಟೀ ಗಿಡಗಳು ಸುತ್ತುಸುತ್ತಾಗಿ ಸಾಲುಗಟ್ಟಿವೆ; ಸಾಲು ಸಾಲಿನ ನಡುವೆ ಎಲೆ ಕೀಳುವವರು ನಡೆಯುವ ಓಣಿ. ಒಂದು ಸಾಲು ಹೋಗುತ್ತ ಹೋಗುತ್ತ ಎರಡಾಗಿ ಕವಲೊಡೆಯುತ್ತದೆ, ಇನ್ನೊಂದು ಬಂಡೆ ಸಿಕ್ಕಿ ಸುಮ್ಮನೆ ನಿಂತುಬಿಡುತ್ತದೆ. ನಿನ್ನ ಬೆರಳ ತುದಿಯೂ ಅಂಥದೇ ಗುಡ್ಡ ಎಂದೆ. ಅವಳು ತನ್ನ ಹತ್ತೂ ಬೆರಳುಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ಗುಡ್ಡದ ಜೊತೆ ಹೋಲಿಸಿ ನೋಡಿದಳು. ಆಕಳಿಕೆ ನಿಂತಿತು. ನಾನು ಮೈಸೂರಿನ ಉತ್ತ ಹೊಲವನ್ನು ಹೊಡೆದುಹಾಕಿದೆ.

ಮುಂದಿನದನ್ನು ಓದಿದೆ. ಯಂತ್ರದ ಗಾಜಿನ ಕೆಳಗೆ ಒಂದು ದೀಪ ಇದೆ. ಬೆರಳನ್ನು ಗಾಜಿನ ಮೇಲೆ ಒತ್ತಿದಾಗ ಸಾಲುಗಳು ಮಾತ್ರ ಗಾಜಿಗೆ ತಾಗುತ್ತವೆ, ಓಣಿಗಳು ತಾಗುವುದಿಲ್ಲ. ತಾಗಿದಲ್ಲಿ ಬೆಳಕು ಚದುರಿಹೋಗುತ್ತದೆ, ತಾಗದಲ್ಲಿ ಹಿಂದಿರುಗುತ್ತದೆ. ಯಂತ್ರಕ್ಕೆ ಬೆರಳಿನ ಅಂದವೂ ಬಣ್ಣವೂ ಬೇಡ. ಯಾವ ಸಾಲು ಎಲ್ಲಿ ಕವಲಾಯಿತು, ಯಾವುದು ಎಲ್ಲಿ ನಿಂತಿತು, ಅಷ್ಟನ್ನು ಮಾತ್ರ ಅಂಕಿಗಳಾಗಿ ಬರೆದುಕೊಳ್ಳುತ್ತದೆ. ಮುಂದಿನ ಸಲ ಬೆರಳು ಬಂದಾಗ ಹಳೆಯ ಅಂಕಿಗಳ ಜೊತೆ ತಾಳೆ ನೋಡುತ್ತದೆ. ಎಸ್ಟೇಟಿನ ಮೇಸ್ತ್ರಿ ಗುಡ್ಡವನ್ನು ನೋಡುವುದು ಹೀಗೇ. ಅವನಿಗೆ ಗುಡ್ಡದ ಸೌಂದರ್ಯ ಕಟ್ಟಿಕೊಂಡು ಏನೂ ಆಗಬೇಕಾಗಿಲ್ಲ.

“ಹೆತ್ತಪ್ಪ,” ಅಂದಳು. ನಮ್ಮಲ್ಲಿ ಅಜ್ಜನನ್ನೂ ಅಜ್ಜನಂಥವರನ್ನೂ ಕರೆಯುವುದು ಹಾಗೆ. “ಸಾಲ ಎಲ್ಲ ಸವರಿ ಹಾಕಿದರೆ ಮಿಷಿನಿಗೆ ಏನ ಕಾಣುತ?”

ಬರೀ ಮೈದಾನ ಕಾಣುತ್ತದೆ ಅಂದೆ.

“ಹಾಂಗಾದರೆ ಹೆತ್ತೆ ದಿನಾ ಕೂತು ಮೈದಾನ ಮಾಡುತ್ತಾ ಇದ್ದಾಳೆ.”

ಹೆತ್ತೆ ಎಂದರೆ ಅಜ್ಜಿ. ನಾನು ಉತ್ತರ ಕೊಡುವುದರೊಳಗೆ ಅವಳು ಜಗಲಿಗೆ ಹೋಗಿ, ಗಾಜು, ದೀಪ, ಸಾಲು, ಓಣಿ ಎಲ್ಲವನ್ನೂ ಅಕ್ಕನಿಗೆ ಬೆರಳಿಗೆ ಬೆರಳು ಹಿಡಿದು ವಿವರಿಸತೊಡಗಿದಳು. ನಾನು ಎರಡು ಪುಟ ತಗೊಂಡದ್ದನ್ನು ಅವಳು ಎರಡು ಉಸಿರಿನಲ್ಲಿ ಮುಗಿಸಿದಳು. ಅಕ್ಕ ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು.

“ಕರೆ ಇದ್ದರೂ ಅದಕ್ಕೆ ಏನಿಲ್ಲವಾ?”

ಹೆಚ್ಚಿಗೆ ಏನಿಲ್ಲ ಅಂದೆ.

“ಮತ್ತೆ ಇಷ್ಟು ದಿನ ಉಜ್ಜಿದ್ದು?”

ಅದಕ್ಕೆ ವಿಜ್ಞಾನದಲ್ಲಿ ಉತ್ತರ ಇತ್ತು, ನನ್ನಲ್ಲಿ ಧೈರ್ಯ ಇರಲಿಲ್ಲ. ಸಾಲುಗಳು ಹೋಗಿರುವುದು ಎಲೆ ಕೀಳುವುದರಿಂದ, ವಯಸ್ಸಿನಿಂದ. ಕಲ್ಲು ಉಳಿದದ್ದನ್ನೂ ತೆಗೆಯಿತು ಎಂದು ಮೆತ್ತಗೆ ಹೇಳಿದೆ. ಆಮೇಲೆ ಸಮಾಧಾನದ ಮಾತೂ ಹೇಳಿದೆ. ಟೀ ಗಿಡವನ್ನು ಕೆಲವು ವರ್ಷಕ್ಕೊಮ್ಮೆ ಮಂಡಿಯೆತ್ತರಕ್ಕೆ ಕತ್ತರಿಸುತ್ತೇವಲ್ಲ, ನಾವು ಅದನ್ನು ಕವಾತ್ ಅನ್ನುತ್ತೇವಲ್ಲ, ಬೋಳಾದ ಗಿಡ ಮತ್ತೆ ಅದೇ ಗಿಡವಾಗಿಯೇ ಬರುತ್ತದೆ. ಬೆರಳೂ ಹಾಗೆ. ಸಾಲಿನ ಬೇರು ಚರ್ಮದ ಒಳಪದರದಲ್ಲಿದೆ. ಸುಮ್ಮನೆ ಬಿಟ್ಟರೆ ಅದೇ ಸಾಲು ಅದೇ ಜಾಗದಲ್ಲಿ ಮೇಲೆ ಬರುತ್ತದೆ. ಅದಕ್ಕೆ ಮಾಡಬೇಕಾದ್ದು ಒಂದೇ: ಬೆರಳಿಗೆ ಕೆಲಸ ಕೊಡಬಾರದು.

ಎದುರಿಗೆ ತೋಟ ಚಿಗುರಿ ನಿಂತಿತ್ತು. ಮಳೆ ಬಿಟ್ಟ ಮೇಲಿನ ಬಿಸಿಲಿಗೆ ಎಲೆ ಒಮ್ಮೆಗೇ ಬರುತ್ತದೆ. ಈ ವಾರದ ಚಿಗುರನ್ನು ಮುಂದಿನ ವಾರ ಕಿತ್ತರೆ ಫ್ಯಾಕ್ಟರಿಯವರು ಅದನ್ನು ಟೀ ಅನ್ನುವುದಿಲ್ಲ, ಸೊಪ್ಪು ಅನ್ನುತ್ತಾರೆ. ಕತ್ತರಿಯಲ್ಲಿ ಕತ್ತರಿಸುವ ಹೊಸ ಪದ್ಧತಿಯನ್ನು ಅಕ್ಕ ತನ್ನ ಬೇಲಿಯೊಳಕ್ಕೆ ಬಿಟ್ಟುಕೊಂಡಿಲ್ಲ.

“ಹಾಂಗಾದರೆ ಎಲೆ ಯಾರು ಕೀಳುವುದು?” ಅಂದಳು.

ಅಜ್ಜಿ ಮೊಮ್ಮಗಳು ಇಬ್ಬರೂ ನನ್ನನ್ನು ನೋಡುತ್ತಿದ್ದಾರೆ ಎಂಬುದು ನನಗೆ ನಿಧಾನವಾಗಿ ತಿಳಿಯಿತು. ವಿಜ್ಞಾನವನ್ನು ವಿವರಿಸುವುದರಲ್ಲಿ ಇರುವ ಅಪಾಯಗಳ ಬಗ್ಗೆ ಯಾರೂ ಲೇಖನ ಬರೆದಿಲ್ಲ.

ಹೀಗೆ ನಾನು, ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಬೆನ್ನಿಗೆ ಚೀಲ ಕಟ್ಟಿಕೊಂಡು, ಚಿಕ್ಕಂದಿನಲ್ಲಿ ಪರೀಕ್ಷೆಯ ನೆಪ ಹೇಳಿ ತಪ್ಪಿಸಿಕೊಂಡಿದ್ದ ತೋಟಕ್ಕೆ ಹೋದೆ. ಎರಡು ಎಲೆ ಒಂದು ಮೊಗ್ಗು ಎಂದು ಪಟ್ಟಣದ ಡಬ್ಬಿಗಳ ಮೇಲೆ ಚಿತ್ರ ಇರುತ್ತದೆ. ಡಬ್ಬಿಯ ಮೇಲೆ ಅದು ಒಂದೇ ಇರುತ್ತದೆ. ತೋಟದಲ್ಲಿ ಅದಕ್ಕೆ ಲೆಕ್ಕವಿಲ್ಲ. ಹೆಬ್ಬೆಟ್ಟು, ತೋರುಬೆರಳು, ನಡುಬೆರಳು ಸೇರಿ ಚಿಗುರನ್ನು ಹಿಡಿದು ಮುರಿಯಬೇಕು, ಹಿಂಡಬಾರದು, ಎರಡೂ ಕೈ ಒಟ್ಟಿಗೆ ಓಡಬೇಕು. ನನ್ನ ಬಲಗೈ ಮುರಿಯುವಾಗ ಎಡಗೈ ಅದನ್ನು ಆಸಕ್ತಿಯಿಂದ ನೋಡುತ್ತಿತ್ತು.

ಪಕ್ಕದ ತೋಟದಲ್ಲಿ ಕೀಳುತ್ತಿದ್ದ ಹೆಂಗಸರಿಗೆ ಅಷ್ಟು ದಿನದ ಬೇಸರ ಒಂದೇ ಸಲಕ್ಕೆ ಕಳೆಯಿತು. ಅವರಲ್ಲಿ ದೊಡ್ಡ ಬಾಯಿಯವಳೊಬ್ಬಳು ಗಿಡದ ಮೇಲಿಂದ ಈ ಹಳೆಯ ಮೇಷ್ಟ್ರನ್ನು ಕೇಳಿದಳು: “ವಾದ್ಯಾರೇ, ಎಲೆ ಕೀಳುತ್ತೀರಾ, ಇಲ್ಲಾ ಹಾಜರಿ ಕೂಗುತ್ತೀರಾ?”

ಹಾಜರಿ ಅಂದೆ, ಅರ್ಧ ತರಗತಿ ಗೈರು. ಅವಳು ಅದನ್ನು ಸಾಲಿನ ಆಚೆ ತುದಿಯ ತನಕ ರವಾನಿಸಿದಳು. ನಗು ಅಲ್ಲಿಂದ ಸ್ವಲ್ಪ ತಡವಾಗಿ ಬಂತು. ಸಂಜೆ ಕೊಟ್ಟಿಗೆಯಲ್ಲಿ ಎಲೆ ತೂಗುವವನು ನನ್ನ ಚೀಲಕ್ಕೆ ಕೈ ಹಾಕಿ, ಗಟ್ಟಿ ಎಲೆ, ಕಡ್ಡಿ, ಒಂದು ಜರೀಗಿಡದ ತುಂಡು ತೆಗೆದು ಮೇಜಿನ ಮೇಲೆ ಜೋಡಿಸಿಟ್ಟ. ಇದನ್ನು ಯಾರು ಕಿತ್ತದ್ದು, ಆಡಾ ಎಂದು ಕೇಳಿದ. ತಲೆ ಎತ್ತಿ ನನ್ನನ್ನು ನೋಡಿ, ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನಾದ್ದರಿಂದ, ನಮಸ್ಕಾರ ಸರ್ ಎಂದ. ಆಡಿನ ವಿಷಯವನ್ನು ವಾಪಸು ಮಾತ್ರ ತೆಗೆದುಕೊಳ್ಳಲಿಲ್ಲ.

ಅಕ್ಕ ಎರಡೂ ಹೆಬ್ಬೆಟ್ಟಿಗೆ ಹಳೆಯ ಮುಂಡಿನ ಚಿಂದಿ ಸುತ್ತಿಕೊಂಡು ದಿಬ್ಬದ ಮೇಲೆ ಕೂತು ನನ್ನ ತಪ್ಪು ಎಣಿಸುತ್ತಿದ್ದಳು. ಅಡುಗೆ ಮಾಡುವಾಗಲೂ ನಡೆಯುವಾಗಲೂ ಎರಡು ಹೆಬ್ಬೆಟ್ಟು ಮೇಲಕ್ಕೆ ಎತ್ತಿಯೇ ಇರುತ್ತಿದ್ದವು, ಹಟ್ಟಿಯ ಎಲ್ಲರಿಗೂ ಶಹಬಾಸ್ ಹೇಳುತ್ತಿದ್ದಾಳೋ ಎಂಬಂತೆ. ಅವಳಿಗೆ ಕೆಲಸವಿಲ್ಲದೆ ಕೂರುವುದು ತಿಳಿಯದು. ಒಂದು ಮಧ್ಯಾಹ್ನ, ಬೆರಳು ಬೆಳೆಯುವುದನ್ನು ಕಾಯುತ್ತ ಕೂತವಳು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು ಎಂದಳು. ಅದಕ್ಕಿಂತ ಮೆತ್ತಗೆ, ನನ್ನ ಕಡೆ ನೋಡದೆ, ಇನ್ನೊಂದು ಮಾತು ಕೇಳಿದಳು.

“ಹೆಸರ ತೆಗೆದರೆ, ತಮ್ಮ, ಫೋಟೋವನ್ನೂ ತೆಗೆಯುತ್ತಾರಾ?”

ಗೊತ್ತಿಲ್ಲ ಅಂದೆ. ನಿಜಕ್ಕೂ ಗೊತ್ತಿರಲಿಲ್ಲ. ಬೆಳಕಿನ ಪ್ರತಿಫಲನ ಗೊತ್ತಿತ್ತು.

ತಿಂಗಳ ಕೊನೆಯ ಶನಿವಾರ ಮೂವರೂ ಹೋದೆವು. ಸಾಲು ಅಂಗಡಿಯಿಂದ ರಸ್ತೆಗೆ ಬಂದು, ಬಸ್ ನಿಲ್ಲುವ ಜಾಗವನ್ನೂ ಆಕ್ರಮಿಸಿತ್ತು. ಎಲ್ಲರ ಕೈಯಲ್ಲೂ ಕಾರ್ಡು, ಚೀಲ. ಬೆರಳಿಗೆ ಬಟ್ಟೆ ಸುತ್ತಿಕೊಂಡವರು ಇನ್ನೂ ಹಲವರು ಕಂಡರು, ಅಕ್ಕನ ಪದ್ಧತಿ ಅಷ್ಟರಲ್ಲಿ ಹಟ್ಟಿಗಳಲ್ಲೆಲ್ಲ ಹರಡಿಹೋಗಿತ್ತು. ಅಂಗಡಿಯ ಹೆಂಗಸು ಬೆಳಗಿನಿಂದ ಅದೇ ಮಾತು ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡು, ಫ್ಲಾಸ್ಕಿನಿಂದ ಬಿಸಿನೀರು ಕುಡಿಯುತ್ತಿದ್ದಳು. ಅವಳನ್ನು ಬೈಯಲು ಬಂದಿದ್ದವರೂ ಮುಖ ನೋಡಿ ಬಿಟ್ಟುಬಿಡುತ್ತಿದ್ದರು.

ಅಕ್ಕನ ಸರದಿ ಬಂತು. ಚಿಂದಿ ಬಿಚ್ಚಿದಳು. ಬಲ ಹೆಬ್ಬೆಟ್ಟು ಒತ್ತಿದಳು. ಯಂತ್ರ ಯೋಚಿಸಿತು, ಬಹಳ ಯೋಚಿಸಿತು, ಕೆಂಪು ದೀಪ ಹಾಕಿತು. ಅಂಗಡಿಯ ಹೆಂಗಸು ಒರೆಸಿ ಮತ್ತೆ ಒತ್ತಿಸಿದಳು. ಕೆಂಪು. ಎಡಗೈ. ಕೆಂಪು. ಆ ಹೆಂಗಸು ಇಲ್ಲವೆಂದು ತಲೆಯನ್ನು ಸ್ವಲ್ಪ ಆಡಿಸಿದಳು. ಗಿಡಕ್ಕೆ ಕವಾತ್ ಆದ ಮೇಲೆ ಚಿಗುರಲು ಬೇಕಾದ ಕಾಲವನ್ನು ನಾನು ಅಕ್ಕನ ಬೆರಳಿಗೆ ಕೊಟ್ಟಿರಲಿಲ್ಲ, ತಿಂಗಳ ಕೊನೆಯ ಗಡುವೂ ಕೊಟ್ಟಿರಲಿಲ್ಲ. ನನ್ನ ಬೆನ್ನು ನೋಯುತ್ತಿತ್ತು. ಹಿಂದಿನ ಹೆಂಗಸರು ಚೀಲ ಬದಲಾಯಿಸಿಕೊಂಡು ಮುಂದಕ್ಕೆ ನೂಕತೊಡಗಿದರು. ಅಕ್ಕ ಚಿಂದಿಯನ್ನು ಮತ್ತೆ ಬೆರಳಿಗೆ ಸುತ್ತುತ್ತಿದ್ದಳು, ಸುತ್ತಲು ಇನ್ನು ಕಾರಣವೇ ಇಲ್ಲದಿದ್ದರೂ.

ಅಷ್ಟರಲ್ಲಿ ಹುಡುಗಿ ಮೇಜಿನ ಅಂಚಿಗೆ ಗಲ್ಲವಿಟ್ಟು ಅಂಗಡಿಯ ಹೆಂಗಸನ್ನು ತಮಿಳಿನಲ್ಲಿ ಕೇಳಿದಳು: ಈ ಮಿಷಿನಿಗೆ ಹೆಬ್ಬೆಟ್ಟು ಮಾತ್ರವೇ ಗೊತ್ತಾ? ಗುಡ್ಡ ಎಲ್ಲಾ ಬೆರಳಲ್ಲೂ ಇದೆಯಲ್ಲ?

ಅಂಗಡಿಯ ಹೆಂಗಸಿಗೆ ಗುಡ್ಡ ಯಾವುದೆಂದು ತಿಳಿಯಲಿಲ್ಲ, ಬೆರಳು ತಿಳಿಯಿತು. ಎಲ್ಲರೂ ಹೆಬ್ಬೆಟ್ಟನ್ನೇ ಚಾಚಿಕೊಂಡು ಬರುತ್ತಾರೆ, ತಾನೂ ಅದನ್ನೇ ಹಿಡಿದು ಒತ್ತುತ್ತೇನೆ, ಎಂದಳು. ಆಧಾರ್ ಕಾರ್ಡು ಮಾಡಿಸಿದಾಗ ಹತ್ತೂ ಬೆರಳಿನ ಅಚ್ಚು ತೆಗೆದುಕೊಂಡಿದ್ದರಲ್ಲ ಎಂದು ನನಗೆ ಆಗ ನೆನಪಾಯಿತು. ಹೆಬ್ಬೆಟ್ಟು ಒತ್ತುವುದು ಎಂಬ ಮಾತು ಯಂತ್ರಕ್ಕಿಂತ ಹಳೆಯದು, ಬ್ರಿಟಿಷರಷ್ಟು ಹಳೆಯದು. ಸಾಲದ ಪತ್ರಕ್ಕೆ, ಎಸ್ಟೇಟಿನ ಹಾಜರಿಗೆ, ಕೋರ್ಟಿಗೆ, ನಮ್ಮ ಜನ ಒತ್ತಿದ್ದೆಲ್ಲ ಹೆಬ್ಬೆಟ್ಟು. ಹೊಸ ಯಂತ್ರ ಬಂದಾಗಲೂ ಯಾರೂ ಕೇಳದೆಯೇ ಅದನ್ನೇ ಚಾಚಿದೆವು. ಯಂತ್ರಕ್ಕೆ ಈ ಚರಿತ್ರೆ ಏನೂ ಗೊತ್ತಿಲ್ಲ. ಲೇಖನದಲ್ಲಿ ನಾನೇ ಬೆರಳು, ಬೆರಳ ತುದಿ ಎಂದು ಬರೆದಿದ್ದೆ. ನಾನು ಬರೆದಿದ್ದೆ ಅಷ್ಟೆ, ಕೇಳಿಸಿಕೊಂಡವಳು ಹುಡುಗಿ.

ಅಂಗಡಿಯ ಹೆಂಗಸು ಅಕ್ಕನ ತೋರುಬೆರಳು ಒತ್ತಿಸಿದಳು. ಕೆಂಪು. ನಡುಬೆರಳು, ಅದೂ ಕೆಂಪು. ಅವೆರಡೂ ಎಲೆ ಮುರಿಯುವ ಬೆರಳುಗಳೇ. ಉಂಗುರದ ಬೆರಳಿಗೆ ಯಂತ್ರ ಅರೆಮನಸ್ಸು ಮಾಡಿ ಕೈಬಿಟ್ಟಿತು. ಅಕ್ಕ ಸಾಕು ಬಿಡು ಎಂದು ಕೈ ಹಿಂದಕ್ಕೆ ತೆಗೆದುಕೊಂಡಳು. ಹುಡುಗಿ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಕಿರುಬೆರಳನ್ನು ಬೇರೆಮಾಡಿ, ತಾನೇ ಗಾಜಿನ ಮೇಲೆ ಇಟ್ಟಳು.

ಹಸಿರು ದೀಪ ಬಂತು. ಯಂತ್ರದ ಒಳಗಿನ ಹೆಂಗಸು ಏನೋ ಒಂದು ಒಪ್ಪಿಗೆಯ ಮಾತು ಹೇಳಿದಳು, ಯಾವ ಭಾಷೆಯೆಂದು ಯಾರೂ ಗಮನಿಸಲಿಲ್ಲ. ಅಂಗಡಿಯ ಹೆಂಗಸು ಗುಂಡಿ ಒತ್ತಿ, ಪರದೆ ನೋಡಿ, “ಆಯ್ತು, ಪಾಟಿ,” ಎಂದಳು. ಹೆಸರು ಇದೆಯಾ ಎಂದು ಅಕ್ಕ ಕೇಳಿದಳು. ಇದೆ ಎಂದಳು. ಫೋಟೋ ಎಂದಳು ಅಕ್ಕ. ಅಂಗಡಿಯ ಹೆಂಗಸು ಯಂತ್ರವನ್ನೇ ತಿರುಗಿಸಿ ಪರದೆ ತೋರಿಸಿದಳು. ಅಕ್ಕ ಕನ್ನಡಕ ಇಲ್ಲದ ಕಣ್ಣಿನಲ್ಲಿ ಅದನ್ನು ಹತ್ತಿರದಿಂದ, ದೂರದಿಂದ ನೋಡಿದಳು. ಅಷ್ಟರಲ್ಲಿ ಸುದ್ದಿ ಸಾಲಿನುದ್ದಕ್ಕೂ ಹೋಗಿ, ರಸ್ತೆಯ ತನಕ ಹೆಂಗಸರೆಲ್ಲ ಹೆಬ್ಬೆಟ್ಟಿನ ಚಿಂದಿ ಬಿಟ್ಟು ಕಿರುಬೆರಳನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದರು. ಎಲ್ಲರಿಗೂ ಆಗಲಿಲ್ಲ; ಹಲವರಿಗೆ ಆಯಿತು.

ಅಕ್ಕಿಯ ಚೀಲ ನನ್ನ ಹೆಗಲಿಗೆ ಬಂತು. ಹಟ್ಟಿಯ ಏರಿನಲ್ಲಿ ಮಧ್ಯೆ ನಾನು ಉಸಿರಿಗೆ ನಿಂತಾಗ ಅಕ್ಕನೂ ನಿಂತಳು. ಹುಡುಗಿ ಮುಂದೆ ಹೋಗಿಬಿಟ್ಟಿದ್ದಳು. ಅಕ್ಕ ಕಿರುಬೆರಳನ್ನು ಎತ್ತಿ, ಇದುವರೆಗೆ ಸರಿಯಾಗಿ ಪರಿಚಯವಿಲ್ಲದವರನ್ನು ನೋಡುವ ಹಾಗೆ ನೋಡುತ್ತಿದ್ದಳು. ಅದರ ಮೇಲೆ ಕರೆ ಇರಲಿಲ್ಲ. ಸಾಲುಗಳು ಎಳೆಯ ಮಗುವಿನ ಬೆರಳಿನಂತೆ ಸ್ಪಷ್ಟವಾಗಿದ್ದವು.

“ಒಂದು ದಿನಕ್ಕೂ ಕೆಲಸ ಮಾಡಿದ್ದಲ್ಲ ಇದು,” ಎಂದಳು. “ಅದಕ್ಕೇ ಇದರ ಮಾತ ನಂಬಿದರು.”

ನಾನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡೆ. ಅಕ್ಕ ಬೆರಳನ್ನು ಇಳಿಸಿ, ನಾಳೆಯಿಂದ ನಾನೇ ಕೀಳುತ್ತೇನೆ, ನೀ ಬರಬೇಡ, ನೀ ಬಿಟ್ಟ ಗಟ್ಟಿ ಎಲೆ ತೆಗೆಯಲಿಕ್ಕೇ ಒಂದು ವಾರ ಬೇಕು ಎಂದು ಹೇಳಿ ಮುಂದೆ ನಡೆದಳು.